ತಾಂಡೇಲನ ಕಾರಿನ ಹ್ಯಾಂಡಲು

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಕಬ್ಬಿಣದ ಸಲಾಕೆ ಒರಗಿಕೊಂಡಿದೆ. ಎರಡು ಕಡೆ ಮಣಿದಿದೆ, ಒಂದು ತುದಿ ಯಾರ್ಯಾರದೋ ಕೈ ಉಜ್ಜಿ ಉಜ್ಜಿ ನುಣುಪಾಗಿದೆ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. ಕಳ್ಳರಿಗೆ ಇಟ್ಟದ್ದೋ, ಕಾಯಿ ಸುಲಿಯುವುದೋ, ಅಳಿಯಂದಿರಿಗೆ ತೋರಿಸುವುದೋ ಎಂದು ಕೇಳುತ್ತಾರೆ. ಅದು ಕಾರಿನ ಹ್ಯಾಂಡಲು. ಹಿಂದಿನ ಕಾಲದ ಕಾರುಗಳ ಮೂತಿಗೆ ಸಿಕ್ಕಿಸಿ, ಗರಗರ ತಿರುಗಿಸಿ, ಇಂಜಿನ್ನನ್ನು ಎಬ್ಬಿಸುತ್ತಿದ್ದರಲ್ಲ, ಅದು. ಕಾರು ನನ್ನ ಕೈಗೆ ಬಂದು ಒಂದೂವರೆ ವರ್ಷದ ಮೇಲೆ ಈ ಹ್ಯಾಂಡಲು ಬಂತು. ಅಷ್ಟು ದಿನ ಅದು ಎಲ್ಲಿತ್ತು ಎಂದು ನಾನು ಪಟ್ಟ ಸಂಶಯವನ್ನು ನಿಮ್ಮ ಹತ್ತಿರ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ಸಂಶಯ ನನಗೆ ತಾಯಿಯ ಕಡೆಯಿಂದ ಬಂದದ್ದು. ನಮ್ಮ ಅಮ್ಮ ಅಂಕೋಲೆಯ ಮೀನುಪೇಟೆಗೆ ಹೋದರೆ ಮೀನು ಮಾರುವ ಹೆಂಗಸರು ಬುಟ್ಟಿಯ ಮೇಲೆ ಚೀಲ ಎಳೆದುಕೊಳ್ಳುತ್ತಿದ್ದರು. ಅಮ್ಮ ಒಂದೊಂದೇ ಬಂಗಡೆಯ ಕಿವಿರು ಎತ್ತಿ ಕೆಂಪಿದೆಯೋ ನೋಡಬೇಕು, ಹೊಟ್ಟೆ ಒತ್ತಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಕೊನೆಗೆ ಮೂಸಬೇಕು. “ನೀ ಮೀನು ತಕೊಳ್ಳೂಕೆ ಬಂದದ್ದಾ, ಹೆಣ್ಣು ನೋಡೂಕೆ ಬಂದದ್ದಾ?” ಎಂದು ಒಬ್ಬಳು ಕೇಳಿದ್ದಳು. ಅಮ್ಮ ತಲೆ ಎತ್ತದೆ, “ಹೆಣ್ಣಾದ್ರೆ ಇಷ್ಟು ನೋಡೂದಿಲ್ಲ ಮಾರಾಯ್ತಿ” ಅಂದಳು. ಅವಳದು ಮತ್ತೊಂದು ನಿಯಮವಿತ್ತು. ಕೇಳಿದ ಕೂಡಲೇ ಕಡಿಮೆಗೆ ಕೊಟ್ಟರೆ ಆ ಮೀನು ತೆಗೆದುಕೊಳ್ಳಬಾರದು. ಮೀನಿನ ಚೀಲ ಹಿಡಿದುಕೊಂಡು ಅವಳ ಹಿಂದೆ ನಡೆದು ನಡೆದು ನಾನು ದೊಡ್ಡವನಾದೆ. ಮುಂದೆ ತಾಲೂಕು ಕಚೇರಿಯಲ್ಲಿ ಗುಮಾಸ್ತನಾದೆ. ಬಂದವರು ಹೇಳಿದ್ದೆಲ್ಲ ನಿಜವೋ ಸುಳ್ಳೋ ಎಂದು ಕನ್ನಡಕದ ಮೇಲಿಂದ ನೋಡುವುದಕ್ಕೆ ಸರಕಾರ ನನಗೆ ಸಂಬಳ ಕೊಡುತ್ತಿತ್ತು.

ಇಂಥವನಿಗೆ ಒಂದು ಬಿಲಾತಿ ಕಾರು ಕಡಿಮೆಗೆ ಸಿಗುತ್ತದೆ ಎಂದು ಯಾರಾದರೂ ಹೇಳಬಾರದಿತ್ತು. ಹೇಳಿದವನು ನಮ್ಮ ಕಚೇರಿಯ ಜೀಪಿನ ಡ್ರೈವರು. ನನಗೆ ಗಾಡಿ ಬಿಡಲು ಕಲಿಸಿದವನೂ ಅವನೇ. ಹೊಸ ಶತಮಾನ ಶುರುವಾಗಿ ನಾಲ್ಕಾರು ವರ್ಷವಾಗಿತ್ತು. ಸಾಲ ಕೊಡುತ್ತೇವೆ ಎಂದು ಬ್ಯಾಂಕಿನವರೇ ಮನೆಗೆ ಬರುತ್ತಿದ್ದ ಕಾಲ. ಊರಿನ ಎಳೆಯರೆಲ್ಲ ಹೊಳೆಯುವ ಸಣ್ಣ ಹೊಸ ಕಾರುಗಳನ್ನು ತಂದು ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಿದ್ದರು. ನನ್ನ ಹೆಂಡತಿ ಶಾರದೆಯ ತವರು ರಾಮನಗುಳಿ. ಬಸ್ಸು ಹತ್ತಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ತವರಿನ ಹಾದಿ ಹಿಡಿಯದೆ ವರ್ಷಗಳೇ ಆಗಿದ್ದವು. “ಒಂದು ಹಳೆ ಸ್ಕೂಟರಿನ ರೇಟಿಗೆ ಮಾರಿಸ್ ಮೈನರು. ಓಡ್ತದೆ ಸಹ” ಎಂದ ಡ್ರೈವರು. ಓಡುತ್ತದೆ ಎಂದದ್ದೇ ನನಗೆ ಹೆಚ್ಚು ಸಂಶಯ ತಂದಿತು. ಓಡುವುದನ್ನು ಆ ಬೆಲೆಗೆ ಯಾರು ಕೊಡುತ್ತಾರೆ?

ಕಾರು ದೇವಬಾಗದಲ್ಲಿ, ಸಮುದ್ರದಿಂದ ಕಲ್ಲೆಸೆತದ ದೂರದಲ್ಲಿ, ಒಂದು ದೋಣಿಯ ಮಾಡಿನ ಕೆಳಗಿತ್ತು. ಮಾಡು ಇನ್ಯಾರದೋ, ಕಾರು ನಾರಾಯಣ ತಾಂಡೇಲನದು. ಅವನ ಅಪ್ಪ ಒಣಮೀನಿನ ವ್ಯಾಪಾರದಲ್ಲಿ ಕೈ ತುಂಬ ಸಂಪಾದಿಸಿದ್ದ ದಿನಗಳಲ್ಲಿ ಕಾರವಾರದ ಡಾಕ್ಟರರೊಬ್ಬರಿಂದ ಕೊಂಡದ್ದಂತೆ. ತಾಂಡೇಲನ ಮನೆ, ದೋಣಿ ಎಳೆಯುವ ಕಡಲತಡಿ ಎಲ್ಲ ನೌಕಾನೆಲೆಗೆ ಹೋಗಿ, ಅವನನ್ನು ಹೆದ್ದಾರಿಯ ಆಚೆಯ ಕಾಲನಿಗೆ ಹಾಕಿದ್ದರು. ಕಾಲನಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಕಾರನ್ನು ಭಾವನ ಈ ಮಾಡಿನಲ್ಲಿ ಇಟ್ಟಿದ್ದ. ಈಗ ಭಾವನೂ ಮಾಡು ಕಿತ್ತು ಪ್ರವಾಸಿಗಳಿಗೆ ಕೋಣೆ ಕಟ್ಟಲು ಹೊರಟಿದ್ದ.

“ಇಷ್ಟು ಕಡಿಮೆಗೆ ಎಂತಕ್ಕೆ ಕೊಡ್ತೆ?” ಎಂದು ಕೇಳಿದೆ.

“ಇಡೂಕೆ ಜಾಗ ಇಲ್ಲ” ಅಂದ.

ಅಷ್ಟೇ. ಇನ್ನೊಂದು ಮಾತಿಲ್ಲ. ಇಷ್ಟು ಸಣ್ಣ ಉತ್ತರವನ್ನು ನಾನು ಕಚೇರಿಯಲ್ಲಿ ಯಾರ ಬಾಯಿಂದಲೂ ಕೇಳಿರಲಿಲ್ಲ. ನಿಜ ಹೇಳುವವನೂ ನಾಲ್ಕು ಸಂಗತಿ ಸೇರಿಸಿ ಹೇಳುತ್ತಾನೆ. ನಾನು ಅಮ್ಮನನ್ನು ನೆನೆದು ಕಾರಿನ ಮೂತಿ ಎತ್ತಿ ನೋಡಿದೆ, ಚಕ್ರಕ್ಕೆ ಒದ್ದೆ, ಬಗ್ಗಿ ಮೂಸಿದೆ. ಮೀನಿನ ವಾಸನೆ. ಬರೀ ಮೀನಿನದಲ್ಲ, ಮುಗ್ಗಿದ ಎಣ್ಣೆಯದು, ಗಂಟಲಿಗೆ ಹತ್ತುವಂಥದು. ಮೂರು ವರ್ಷದ ಹೊಸ ಕಾರುಗಳನ್ನು ಉಪ್ಪುಗಾಳಿ ತಿಂದು ಜರಡಿ ಮಾಡುವ ಈ ಊರಲ್ಲಿ ಅಜ್ಜನ ವಯಸ್ಸಿನ ಈ ಕಾರಿಗೆ ಒಂದು ತೂತೂ ಇರಲಿಲ್ಲ. ಅದೂ ಸರಿ ಕಾಣಲಿಲ್ಲ.

“ಹ್ಯಾಂಡಲು ಎಲ್ಲಿ?” ಎಂದೆ. ಈ ಕಾರುಗಳಿಗೆ ಹ್ಯಾಂಡಲು ಇರುತ್ತದೆ ಎಂದು ಡ್ರೈವರು ಹೇಳಿಕೊಟ್ಟಿದ್ದ.

ತಾಂಡೇಲ ಅಳಿವೆಯ ಕಡೆ ನೋಡಿದ. “ಸಿಕ್ಕಲಿಲ್ಲ. ಸೆಲ್ಫ್ ಸ್ಟಾರ್ಟ್ ಇದೆಯಲ್ಲ.”

ಅವನು ಹಾಕಿದ ಕರಾರು ಒಂದೇ. “ಗುಜರಿಗೆ ಹಾಕೂದಿಲ್ಲ ಅಂತ ಹೇಳಿ, ಸಾಕು. ಹೆಚ್ಚಿಗೆ ಕೊಡ್ತೆ ಅಂದವ್ರು ಬಂದಿದ್ರು. ಅವ್ರು ಕಡ್ದು ತೂಕಕ್ಕೆ ಹಾಕುವವ್ರು. ಅಪ್ಪನ ಕೈ ಹತ್ತಿದ್ದು ಅಂತ ನನ್ನ ಹತ್ರ ಉಳ್ದದ್ದು ಇದೊಂದೇ.” ಇಲ್ಲಪ್ಪ, ಹಾಕುವುದಿಲ್ಲ ಎಂದು ಹೇಳಿದೆ. “ಬರೇಂ”, ಒಳ್ಳೇದು, ಎಂದು ಕೊಂಕಣಿಯಲ್ಲಿ ತನಗೆ ತಾನೇ ಹೇಳಿಕೊಂಡು ಕೀಲಿ ಕೊಟ್ಟ. ಹೆಚ್ಚು ಕೊಡುವವರನ್ನು ಬಿಟ್ಟು ಕಡಿಮೆ ಕೊಡುವವನಿಗೆ ಕೊಟ್ಟನಲ್ಲ ಎಂದು ಕಾಳಿ ಸೇತುವೆ ದಾಟುವವರೆಗೂ ನನ್ನ ತಲೆಯಲ್ಲಿ ಹುಳ ಓಡಾಡುತ್ತಿತ್ತು.

ಆದರೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ಕೂತು ಹೋಗುವ ಸುಖ ಈಗಿನ ಕಾರುಗಳಲ್ಲಿಲ್ಲ. ಕಡಲೆ ಹುರಿದ ಹಾಗೆ ಇಂಜಿನ್ನಿನ ಸದ್ದು. ಸ್ಟಿಯರಿಂಗು ಎತ್ತಿನಗಾಡಿಯ ಗಾಲಿಯಷ್ಟು ದೊಡ್ಡದು. ತಿರುವು ಬಂದರೆ ಬಾಗಿಲ ಪಕ್ಕದ ಕಂಬದಿಂದ ದೀಪದ ಸಣ್ಣ ಕೈಯೊಂದು ಟಕ್ಕನೆ ಹೊರಗೆ ಬಂದು ದಾರಿ ತೋರಿಸುತ್ತಿತ್ತು. ಒಮ್ಮೊಮ್ಮೆ ಒಳಗೆ ಹೋಗಲು ಮರೆಯುತ್ತಿತ್ತು. ಆಗ ಶಾರದೆ ಕಿಟಕಿಯಿಂದ ಕೈ ಹಾಕಿ ಅದರ ತಲೆಗೊಂದು ಕೊಡುತ್ತಿದ್ದಳು. ಇಳಿಜಾರಿನಲ್ಲಿ ಕಾಲು ಸಡಿಲಿಸಿದರೆ ಹಿಂದಿನಿಂದ ಪುರ್ರೆಂದು ಒಂದು ಶಬ್ದ ಬರುತ್ತಿತ್ತು. ಮೊದಲ ಸಲ ಬಂದಾಗ ಶಾರದೆ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ನಾನಲ್ಲ, ಕಾರು ಎಂದು ನಂಬಿಸಲು ಇನ್ನೊಂದು ಇಳಿಜಾರು ಬರುವವರೆಗೆ ಕಾಯಬೇಕಾಯಿತು.

ರಾಮನಗುಳಿಯ ದಾರಿಯಲ್ಲಿ ಆಗ ಅದಿರಿನ ಲಾರಿಗಳ ಕಾರುಬಾರು. ಘಟ್ಟದ ಮೇಲಿಂದ ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ ಸಾಲುಸಾಲಾಗಿ ಬರುತ್ತಿದ್ದವು. ಮರದೆಲೆ, ಹಂಚು, ಎಮ್ಮೆಯ ಬೆನ್ನು, ಎಲ್ಲ ಕೆಂಪು. ಆ ಲಾರಿಯ ಡ್ರೈವರುಗಳು ನಮ್ಮ ಕಾರು ಕಂಡರೆ ಮಾತ್ರ ವೇಗ ತಗ್ಗಿಸಿ, ನಕ್ಕು, ದಾರಿ ಬಿಡುತ್ತಿದ್ದರು. ಆ ಧೂಳಿನಲ್ಲಿ, ಆ ಮೀನಿನ ನಾತದಲ್ಲಿ ಶಾರದೆಗೆ ಒಮ್ಮೆಯೂ ವಾಂತಿ ಬರಲಿಲ್ಲ. ತವರಿನ ಅಂಗಳದಲ್ಲಿ ಇಳಿದವಳು ಕಾರಿನ ತಲೆ ಸವರಿ, “ತಾಂಡೇಲನ ಕಾರು ಚಲೋ ಇದೆ” ಅಂದಳು. ಹೌದು, ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು ಹಾಗೆಯೇ. ನಾನೂ ಹಾಗೆಯೇ ಕರೆಯುತ್ತಿದ್ದೆ. ನನ್ನದು ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ನಾಳೆ ಏನಾದರೂ ಹೊರಬಿದ್ದರೆ?

ಹೊರಬೀಳುವುದು ಏನೋ ಇದೆ ಎನ್ನಲು ನನಗೆ ಆಧಾರವಿತ್ತು. ಕಾರು ಬಂದ ಮೇಲೆ ತಾಂಡೇಲನೂ ಬರತೊಡಗಿದ. ಅಂಕೋಲೆಯ ಸಂತೆಯ ದಿನ ಕೈಚೀಲ ಹಿಡಿದು ಬಸ್ಸಿಳಿದು ಬರುವನು. ಅಂಗಳದಲ್ಲಿ ನಿಂತು, “ಇದೆಯಾ?” ಎನ್ನುವನು. ಇದೆ ಎಂದರೆ ಕಾರಿನ ಸುತ್ತ ಒಂದು ಸುತ್ತು ಬರುವನು, ಬಗ್ಗುವನು, ತಳದಲ್ಲಿ ಕೈಯಾಡಿಸುವನು, ಆ ಕೈಯನ್ನು ಮೂಗಿಗೆ ಹಿಡಿದು ಹೊರಡುವನು. ಶಾರದೆ ಚಾ ತಂದರೆ ಮುಟ್ಟುತ್ತಿರಲಿಲ್ಲ. “ಬೇಡ್ರಾ. ಈಗ ಆಗೂದಿಲ್ಲ.” ನೀರು ಕೊಟ್ಟರೂ ಬೇಡ. ಕಾರವಾರದಿಂದ ಬಿಸಿಲಲ್ಲಿ ಬಂದ ಮನುಷ್ಯ ನೀರು ಬೇಡ ಅನ್ನುತ್ತಾನೆಂದರೆ? ಉಂಡ ಮನೆಗೆ ಎರಡು ಬಗೆಯಲಾರದವನು ಉಣ್ಣದೆಯೇ ಉಳಿಯುತ್ತಿದ್ದಾನೆ ಎಂದು ನಾನು ತೀರ್ಮಾನಿಸಿದೆ.

ಪಕ್ಕದ ಮನೆಯಲ್ಲಿ ನಿವೃತ್ತ ಮಾಸ್ತರೊಬ್ಬರಿದ್ದರು, ವೆಂಕಟರಮಣ ಮಾಸ್ತರು. ಸಂಶಯದಲ್ಲಿ ನನಗಿಂತ ಒಂದು ಕೈ ಮೇಲು. ಮಾಜಾಳಿಯ ತಪಾಸಣೆ ನಾಕೆ ದಾಟಿಸಿ ಗೋವೆಯ ಬಾಟಲಿ ತರುವವರ ಉಪಾಯಗಳೆಲ್ಲ ಅವರಿಗೆ ಬಾಯಿಪಾಠ, ಕುಡಿಯುವುದು ಮಾತ್ರ ಇಲ್ಲ. “ಮೀನೆಣ್ಣೆ ನಾತ ಎಂತಕ್ಕೆ ಅಂತ ಗೊತ್ತಾಯ್ತಾ? ನಾಕೆಯವ್ರ ಮೂಗು ಕಟ್ಟೂಕೆ. ತಳಕ್ಕೆ ಇನ್ನೊಂದು ತಳ ಇದ್ದೇ ಇದೆ ಮಾರಾಯಾ” ಅಂದರು. ಒಂದು ಭಾನುವಾರ ನಾವಿಬ್ಬರೂ ಸೀಟು ಕಿತ್ತು, ಎಳನೀರು ಬಡಿದು ನೋಡುವ ಹಾಗೆ ಇಡೀ ತಳವನ್ನು ಬೆರಳಿನಿಂದ ಬಡಿದು ಕಿವಿಗೊಟ್ಟೆವು. ಸಿಕ್ಕಿದ್ದು ಒಣಸೀಗಡಿಯ ಮೀಸೆ, ಒಂದು ಹೇರ್‌ಪಿನ್ನು, ಯಾವ ಕಾಲದ್ದೋ ಒಂದು ಪೆಪ್ಪರಮಿಂಟು. ಮಾಸ್ತರು ಪೆಪ್ಪರಮಿಂಟನ್ನೂ ಮೂಸಿದರು.

ಏನೂ ಸಿಗದಿದ್ದದ್ದು ನಮ್ಮ ಸಂಶಯವನ್ನು ಗಟ್ಟಿ ಮಾಡಿತು. ನಾತ ಹೋದರೆ ಗುಟ್ಟು ತಾನಾಗಿ ಬಯಲಾಗುತ್ತದೆ ಎಂದು ಮಾಸ್ತರು ಹೇಳಿದ್ದರಿಂದ, ಕಾರನ್ನು ಎತ್ತಿ ತೊಳೆಯುವಲ್ಲಿಗೆ ಒಯ್ದು ತಳವನ್ನು ಸೀಮೆಎಣ್ಣೆ ಹಾಕಿ ಉಜ್ಜಿಸಿದೆ. ಕಪ್ಪಗೆ ಅಂಟು ಕರಗಿ ಇಳಿಯಿತು. ಕೆಳಗೆ ಬೆಳ್ಳಗೆ ಲೋಹ ಕಂಡಿತು. ಮುಂದಿನ ಸಂತೆಗೆ ಬಂದ ತಾಂಡೇಲ ತಳದಲ್ಲಿ ಕೈಯಾಡಿಸಿ, ಮೂಸಿ, ಬಹಳ ಹೊತ್ತು ಕುಕ್ಕರುಗಾಲಲ್ಲೇ ಕೂತಿದ್ದ. ಸಿಕ್ಕಿಬಿದ್ದ ಎಂದು ಮಾಸ್ತರು ಕಿಟಕಿಯಿಂದಲೇ ನನಗೆ ಕಣ್ಣುಸನ್ನೆ ಮಾಡಿದರು.

ಇದಾಗಿ ಸ್ವಲ್ಪ ದಿನಕ್ಕೆ, ಮಾವಿನಕಾಯಿಗಳು ಬಲಿಯುತ್ತಿದ್ದ ಕಾಲ, ಬಸ್‌ಸ್ಟ್ಯಾಂಡಿನ ಎದುರು ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಬಗ್ಗಿ ಒಳಗೆಲ್ಲ ನೋಡಿದ. “ಯಾರ ಕಾರು ಇದು?”

“ತಾಂಡೇಲನ ಕಾರು” ಎಂದು ಬಾಯಿಂದ ಜಾರಿತು.

“ಯಾವ ತಾಂಡೇಲ? ಹಾಂಗಾರೆ ನೀವು ಯಾರು?”

ನಾನು ಕಾರಿನ ಕಾಗದಪತ್ರಕ್ಕೆ ತಡಕಾಡಿದೆ. ಅವನಿಗೆ ಬೇಕಾದದ್ದು ಬೇರೆ, ತನ್ನ ಮಗುವಿಗೆ ಆ ಟಕ್ಕನೆ ಬರುವ ಕೈ ತೋರಿಸುವುದು. ಮಗು ಅಲ್ಲೇ ಅವನ ಹೆಂಡತಿಯ ಸೊಂಟದ ಮೇಲಿತ್ತು. ತೋರಿಸಿದೆ, ಮಗು ಕೇಕೆ ಹಾಕಿತು. ನನಗೆ ಮಾತ್ರ ಆ ರಾತ್ರಿ ಅನ್ನ ಇಳಿಯಲಿಲ್ಲ. ಸರಕಾರಿ ನೌಕರ, ಯಾರದೋ ಕಾರು, ಅದರಲ್ಲಿ ಏನೋ. ಮರುದಿನವೇ ಬೇಲೆಕೇರಿ ದಾರಿಯ ಗುಜರಿಯವನಿಗೆ ಹೇಳಿ ಕಳಿಸಿದೆ. ಅವನು ಬಂದು ನೋಡಿ, ಸೋಮವಾರ ಎಳೆದುಕೊಂಡು ಹೋಗುತ್ತೇನೆ ಎಂದು ಹೋದ.

“ನೀವು ಮಾತು ಕೊಟ್ಟೀರಿ” ಅಂದಳು ಶಾರದೆ.

“ಸುಳ್ಳನಿಗೆ ಕೊಟ್ಟ ಮಾತಿಗೆ ಬೆಲೆ ಇಲ್ಲ.”

“ಅವ ಎಂತ ಸುಳ್ಳು ಹೇಳ್ದ?”

ಹ್ಯಾಂಡಲು ಎಂದೆ. ಅದೊಂದೇ ನೆನಪಾದದ್ದು. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಕಾರಿನ ಸೀಟು ಒರೆಸುವುದನ್ನು ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದೆ. ಮಳೆಗೆ ಮೊದಲಿನ ಸೆಕೆ, ಎಲೆ ಅಲುಗುತ್ತಿರಲಿಲ್ಲ. ಮೂಗಿಗೆ ಆ ನಾತ ಬಡಿದು ಎಚ್ಚರವಾಯಿತು. ಅಂಗಳಕ್ಕೆ ಬಂದರೆ ಕಾರಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ನನ್ನ ಸಂಶಯಕ್ಕೆ ಕಡೆಗೂ ಕಾಲು ಬಂದವಲ್ಲ ಎಂದು, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯೇ ಆಯಿತು. “ಮಾಸ್ತರೇ, ಬನ್ನಿ, ಸಿಕ್ಕ!” ಎಂದು ಕೂಗಿದೆ. ಮಾಸ್ತರು ಪಂಚೆ ಸುತ್ತಿಕೊಳ್ಳುತ್ತ ಓಡಿಬಂದರು. ಇಬ್ಬರೂ ಒಂದೊಂದು ಕಾಲು ಹಿಡಿದು ಎಳೆದೆವು.

ತಾಂಡೇಲ ಹೊರಗೆ ಬಂದ. ಒಂದು ಕೈಯಲ್ಲಿ ತೆಂಗಿನ ಸಿಪ್ಪೆಯ ಕುಂಚ, ಇನ್ನೊಂದರಲ್ಲಿ ಡಬ್ಬಿ. ಮುಖದ ತುಂಬ ಮೀನೆಣ್ಣೆ ತೊಟ್ಟಿಕ್ಕಿತ್ತು.

“ಎಂತ ಮಾಡ್ತಾ ಇದ್ದೆ ಕೆಳಗೆ?” ಮಾಸ್ತರು ಗದರಿಸಿದರು.

“ಎಣ್ಣೆ ಹಚ್ತಾ ಇದ್ದೆ” ಅಂದ, ಬಾಯಿ ಒರೆಸಿಕೊಂಡು. “ದೋಣಿ ಕೊಟ್ರೆ ಮೊದಲ ಮಳೆಗೆ ಮುಂಚೆ ಕೊಟ್ಟವ್ನೇ ಎಣ್ಣೆ ಹಚ್ಚಬೇಕು. ನಮ್ಮ ಕೇರಿಲಿ ಹಾಂಗೇ. ಅಲ್ಲಿವರೆಗೆ ಕೊಟ್ಟದ್ದು ಪೂರಾ ಆಗೂದಿಲ್ಲ. ತಕೊಂಡವ್ರ ಮನೇಲಿ ನೀರಿಂದ ಸಹ ಬಾಯಿ ತೊಯ್ಸೂಕಾಗೂದಿಲ್ಲ. ಮೊದ್ಲು ಹಚ್ಚಿದ್ದು ಗಟ್ಟಿ ಇತ್ತು, ಊರ ಹಬ್ಬ ಮುಗ್ದ ಮೇಲೆ ಬಂದ್ರೆ ಸಾಕು ಅಂತ ನೋಡ್ತಾ ಇದ್ದೆ. ಯಾರೋ ತೊಳ್ದು ಬಿಟ್ಟಾರೆ.”

“ಇದು ದೋಣಿ ಅಲ್ಲ ಮಾರಾಯಾ, ಕಾರು” ಅಂದೆ.

“ನಂಗೆ ಬೇರೆ ಗೊತ್ತಿಲ್ಲ. ಅಪ್ಪ ವರ್ಷವರ್ಷಾ ಹಚ್ತಿದ್ದ, ನಾನೂ ಹಚ್ಚಿದೆ.”

ಮಾಸ್ತರು ಮೆಲ್ಲಗೆ ತಮ್ಮ ಅಂಗಳಕ್ಕೆ ಜಾರಿದರು. ನನಗೆ ಜಾರಲು ಬೇರೆ ಅಂಗಳವಿರಲಿಲ್ಲ. ನಾಳೆ ಗುಜರಿಯವನು ಬರುತ್ತಾನೆಂದು ಹೇಳಬೇಕಿತ್ತು, ನಾನು ಕಾರಿನ ಗಾಜು ಒರೆಸತೊಡಗಿದೆ. ತಾಂಡೇಲನೇ ಕುಂಚವನ್ನು ಡಬ್ಬಿಯಲ್ಲಿ ಅದ್ದುತ್ತ ಹೇಳಿದ, “ಗೊತ್ತದೆ ನಂಗೆ. ಪಾನ್ ಅಂಗಡಿಯವ ಹೇಳ್ದ, ನಾಳೆ ಎಳ್ಕೊಂಡು ಹೋಗ್ತ್ರಂತೆ ಅಂತ.”

“ಮತ್ತೆ ಎಂತಕ್ಕೆ ಹಚ್ಚೂಕೆ ಬಂದೆ?”

“ಇಡ್ತೀರೋ ಕಡೀತೀರೋ, ಅದು ನಿಮ್ದು. ನಾನು ಬಿಡೂದನ್ನ ನಾನು ಸಮಾ ಬಿಡ್ಬೇಕು.” ಸೋರುವ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ. “ಮನೆ ಬಿಡೂವಾಗ ಹಾಂಗೆ ಆಗ್ಲಿಲ್ಲ. ಅಂಗಳದಲ್ಲಿ ಲಾರಿ ನಿಂತಿತ್ತು. ಹತ್ತಿ ಅಂದ್ರು. ಹತ್ದೆವು. ಬಾಗ್ಲು ಹಾಕಿದ್ನಾ ಇಲ್ವಾ ಅಂತ ಇವತ್ತಿಗೂ ನೆನಪಿಲ್ಲ.”

ಹಾಗೆಂದು ಮತ್ತೆ ಕಾರಿನ ಕೆಳಗೆ ಹೋದ. ನಾನು ನಿಂತೇ ಇದ್ದೆ. ನನಗೆ ಅಳು ಬಂತು ಎಂದು ಹೇಳಲು ಈಗ ಸಂಕೋಚವೇನೂ ಇಲ್ಲ. ಶಾರದೆ ಒಳಗಿನಿಂದ ಒಂದು ಹಳೆಯ ಬನೀನು ತಂದು ನನ್ನ ಕೈಯಲ್ಲಿಟ್ಟಳು. ಅದನ್ನು ಹಾಕಿಕೊಂಡು, ಇನ್ನೊಂದು ಸಿಪ್ಪೆ ತೆಗೆದುಕೊಂಡು, ಆಚೆ ಬದಿಯಿಂದ ನಾನೂ ತೂರಿದೆ. ಕಣ್ಣಿಗೆ ಎಣ್ಣೆ ಬಿದ್ದು ಉರಿಯಿತು. ಮುಗಿಸಿ ಹೊರಗೆ ಬಂದು, ಬಾವಿಕಟ್ಟೆಯಲ್ಲಿ ಬೂದಿ ಹಾಕಿ ಕೈ ತಿಕ್ಕಿ, ತಾಂಡೇಲ ಜಗಲಿಯ ಮೇಲೆ ಕೂತ. “ಈಗ ಚಾ ಕೊಡಿ ಬಾಯಿ” ಎಂದು ಶಾರದೆಯನ್ನು ಕರೆದ. ಎರಡು ಲೋಟ ಕುಡಿದ. ಅಷ್ಟು ತಿಂಗಳ ಬಾಯಾರಿಕೆ.

ಸೋಮವಾರ ಬಂದ ಗುಜರಿಯವನಿಗೆ ಕೊಡುವುದಿಲ್ಲ ಎಂದೆ. ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ, ಮೂಗು ಎಳೆದ. “ಮೊನ್ನೆ ಕೊಡ್ತೆ ಅಂದವ್ರು ಇವತ್ತು ಇಲ್ಲ ಅಂತೀರಿ. ಒಳಗೆ ಎಂತದೋ ಸಿಕ್ಕದೆ ನಿಮ್ಗೆ. ಹೌದಲ್ಲ?” ಹೌದು ಎಂದೆ. ಈಗಲೂ ದಾರಿಯಲ್ಲಿ ಸಿಕ್ಕರೆ, ಎಂತ ಸಿಕ್ಕಿತ್ತು ಹೇಳಿ ಎಂದು ಪೀಡಿಸುತ್ತಾನೆ.

ಆಮೇಲೆ ತಾಂಡೇಲ ಬರಲೇ ಇಲ್ಲ. ಸಂತೆಗಳು ಕಳೆದವು, ಮಳೆಗಾಲ ಕಳೆಯಿತು. ಎಣ್ಣೆಯಿಂದಲೋ ಹಣೆಬರಹದಿಂದಲೋ ಕಾರಿಗೆ ತುಕ್ಕು ಹಿಡಿಯಲಿಲ್ಲ. ರಬ್ಬರುಗಳನ್ನೆಲ್ಲ ನಿಮ್ಮ ಎಣ್ಣೆಯೇ ತಿನ್ನುವುದು ಎಂದು ಮೆಕ್ಯಾನಿಕ್ಕು ಬೈಯುತ್ತಿದ್ದ. ಮಳೆಗಾಲದಲ್ಲಿ ಬ್ಯಾಟರಿ ಸತ್ತಾಗಲೆಲ್ಲ ಹ್ಯಾಂಡಲಿಲ್ಲದೆ ನಾನೂ ಮಾಸ್ತರೂ ಕಾರನ್ನು ಕೇರಿಯ ಕೊನೆಯವರೆಗೆ ತಳ್ಳುತ್ತಿದ್ದೆವು. ಮಾಸ್ತರು ಅದನ್ನು ಪ್ರಾಯಶ್ಚಿತ್ತವೆಂದು ತಿಳಿದು ತಳ್ಳಿದರೋ, ನಾನು ರಾಮನಗುಳಿಯಿಂದ ಹಣ್ಣು ತಂದುಕೊಡುತ್ತೇನೆಂದು ತಳ್ಳಿದರೋ ಗೊತ್ತಿಲ್ಲ.

ಮುಂದಿನ ಮಳೆಗೆ ಮೊದಲು ನಾನೇ ಕಾರಿನ ತಳಕ್ಕೆ ಎಣ್ಣೆ ಹಚ್ಚಿದೆ. ಸರಿಯಾಯಿತೋ ಇಲ್ಲವೋ ಎಂಬ ಸಂಶಯ ಬಿಡದೆ ಶಾರದೆಯನ್ನು ಕೂರಿಸಿಕೊಂಡು ಕಾಲನಿಗೆ ಹೋದೆ. ತಾಂಡೇಲ ಬಾಗಿಲಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ಬಡಕಲಾಗಿದ್ದ. ಕಾರು ನಿಂತರೂ ಏಳಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ.

“ಯಾರ ಗಾಡಿ ಇದು?” ಎಂದು ಕೇಳಿದ.

ನಿಜವಾಗಿ ಗುರುತು ಸಿಗಲಿಲ್ಲವೋ, ನಾಟಕವೋ. ಇವತ್ತಿಗೂ ನನಗೆ ಅದು ಬಗೆಹರಿದಿಲ್ಲ.

“ನಂದು” ಅಂದೆ.

ಅವನು ಬಲೆಯನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದು ಎದ್ದು ಒಳಗೆ ಹೋದ. ಬಾಗಿಲನ್ನು ಎಳೆದು ಅದರ ಹಿಂದೆ ಒರಗಿಸಿಟ್ಟಿದ್ದ ಒಂದು ಕಬ್ಬಿಣದ ಸಲಾಕೆಯನ್ನು ತೆಗೆದ. ಎಣ್ಣೆ ಹಚ್ಚಿ ಹಚ್ಚಿ ಮಿರುಗುತ್ತಿತ್ತು. ತಂದು ನನ್ನ ಎರಡೂ ಕೈಗಳ ಮೇಲಿಟ್ಟ.

“ಮೊನ್ನೆ ಸಿಕ್ತು” ಅಂದ.